ಶೂಗೆ ಅಂಟಿದ ಹಾಲುರೋಗ

ಜುಲೈ 3, ಗುರುವಾರ — ಬೆಳಿಗ್ಗೆ 7.10

ನಡೆದು ಬಂದೆ. ಕೆರೆ ಕಟ್ಟೆ ಕೊನೆವರೆಗೆ, ವಾಪಸ್. ಬೆನ್ನು ಪೂರ್ತಿ ನೆಂದಿದೆ. ಖುಷಿಯಾಗಿ ಬರ್ತಿದ್ದೆ, ಡೈರಿ ಹತ್ರ ಅಕ್ಕಯಮ್ಮ ಹಾಲಿನ ಕ್ಯಾನ್ ಇಟ್ಕೊಂಡು ನಿಂತಿದ್ರು.

"ಏನಮ್ಮಾ ಯಾಮಿನಿ, ಬಸ್ ತಪ್ಪೋಯ್ತಾ?"

ದಿನಾ ಇದೇ ಪ್ರಶ್ನೆ. ಬೆಳಿಗ್ಗೆ ಆರೂವರೆಗೆ, ಚೂಡಿದಾರಕ್ಕೆ ಶೂ ಹಾಕ್ಕೊಂಡು, ದಿನಾ ಯಾವ ಬಸ್ಸಮ್ಮಾ ತಪ್ಪಿಸ್ಕೋತೀನಿ ನಾನು?

"ಇಲ್ಲ ಅಕ್ಕಯಮ್ಮ, ವಾಕಿಂಗು."

"ಅಯ್ಯೋ, ಹೊಟ್ಟೆ ಆಪರೇಷನ್ ಆಗೈತಲ್ಲ! ಇನ್ನೂ ಯಾಕ್ ನಡೀತೀಯ?"

ಇದು ಎರಡನೇ ಪ್ರಶ್ನೆ. ಊರಿಗೆಲ್ಲಾ ಬಾಯಿಪಾಠ. ಆಪರೇಷನ್ ಆಯ್ತು ಅಂದ್ರೆ ಮುಗೀತು, ಹಲ್ಲು ಕಿತ್ತ ಹಾಗೆ ಅಂದ್ಕೊಂಡಿದಾರೆ. ಕಿತ್ತಮೇಲೆ ಮತ್ತೆ ಯಾಕೆ ಉಜ್ಜೋದು ಅಂತ.

ಡಯಟೀಶಿಯನ್ ಹೇಳಿದಾರೆ — ದಿನಾ ತಿಂದಿದ್ದು, ನಡೆದಿದ್ದು ಬರೀರಿ ಮೇಡಂ. ತಿಂದಿದ್ದು ಏನ್ ಮಹಾ ಇರುತ್ತೆ? ಒಂದು ಮೊಟ್ಟೆ, ಅರ್ಧ ದೋಸೆ. ಇನ್ನು ಉಳಿದ ಜಾಗದಲ್ಲಿ ಬೈಗುಳ ತಿಂದಿದ್ದು ಬರೀತೀನಿ.

ಜುಲೈ 6, ಭಾನುವಾರ

ತೂಕ 75. ಯುಗಾದಿ ಹೊತ್ತಿಗೆ 71 ಇತ್ತು. ಏರ್ತಿದೆ ದರಿದ್ರದ್ದು.

ಡಾಕ್ಟ್ರು ಮೊದಲೇ ಹೇಳಿದ್ರು. ಹೊಟ್ಟೆ ಚಿಕ್ಕದು ಮಾಡಿದೀವಿ, ಒಂದು ವರ್ಷ, ಒಂದೂವರೆ ವರ್ಷ ಅದು ನಿಮ್ಮ ಪರವಾಗಿ ಕೆಲಸ ಮಾಡುತ್ತೆ, ಆಮೇಲೆ ದೇಹ ಹಳೇ ತೂಕದ ಕಡೆ ಎಳೆಯೋಕೆ ಶುರು ಮಾಡುತ್ತೆ, ಆಗ ಹಿಡಿದು ನಿಲ್ಸೋದು ನಿಮ್ಮ ನಡಿಗೆ, ಭಾರ ಎತ್ತೋದು, ಬೆವರು — ಇಲ್ದಿದ್ರೆ ನಾವು ಮಾಡಿದ್ದೆಲ್ಲಾ ದಂಡ. ಆ ಒಂದೂವರೆ ವರ್ಷ ಮುಗೀತು. ಈಗ ನನ್ನ ಸರದಿ.

116 ಇದ್ದಾಗ ಶಿಡ್ಲಘಟ್ಟದ ನಮ್ಮ ಆಫೀಸಿನ ಮೆಟ್ಟಿಲಲ್ಲಿ ಅರ್ಧಕ್ಕೇ ನಿಂತು ಫೋನ್ ನೋಡೋ ಹಾಗೆ ನಾಟಕ ಆಡ್ತಿದ್ದೆ. ಉಸಿರು ವಾಪಸ್ ಬರ್ಲಿ ಅಂತ. ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರ್ತಿದ್ದೆ. ಅಲ್ಲಿಗೆ ನಾನು ವಾಪಸ್ ಹೋಗಲ್ಲ. ಸತ್ರೂ ಹೋಗಲ್ಲ.

ಇವತ್ತು ಮನೆಗೆ ಚಾಕಿ ಬಂತು. ಎರಡು ಜ್ವರ ದಾಟಿದ ಎಳೇ ರೇಷ್ಮೆ ಹುಳು. ಹುಳು ಪೊರೆ ಬಿಡೋಕೆ ಮೇವು ಬಿಟ್ಟು ಕೂತ್ರೆ ಅದಕ್ಕೆ ಜ್ವರ ಅಂತಾರೆ, ಮನೆಮಂದಿಯೆಲ್ಲಾ ಪಿಸುಮಾತಲ್ಲಿ ಮಾತಾಡ್ತಾರೆ. ನಂಗೆ ನಿಜವಾದ ಜ್ವರ ಬಂದಾಗ ಈ ಮನೇಲಿ ಯಾರೂ ಟೀವಿ ಸೌಂಡ್ ಕೂಡ ಕಮ್ಮಿ ಮಾಡಿಲ್ಲ.

ಅಮ್ಮಾಜಮ್ಮನೋರ — ನಮ್ಮತ್ತೆ — ಕಾನೂನು ಶುರು. ಶೂ ಗೇಟಿನಾಚೆ. ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಒಳಗೆ. ಸರಿ, ನ್ಯಾಯವಾದ್ದೇ, ಹುಳದ ಮನೆಗೆ ಹೊರಗಿನ ಮಣ್ಣು ಬರಬಾರದು. ಒಂದು ದಿನಾನೂ ತಪ್ಪಿಸಿಲ್ಲ ನಾನು. ಅಷ್ಟಕ್ಕೇ ಬಿಡ್ತಾರಾ?

"ಏಮ್ಮಾ, ನಡೀಲೇಬೇಕು ಅಂದ್ರೆ ತೋಟಕ್ಕೆ ನಡಿ. ಸೊಪ್ಪು ಹೊತ್ಕೊಂಡ್ ಬಾ. ಹುಳಾನೂ ತಿನ್ತವೆ, ನೀನೂ ಸಣ್ಣ ಆಗ್ತೀಯ. ಕೈ ಬೀಸ್ಕೊಂಡು ಕೆರೆ ಸುತ್ತೋದು ಯಾವ ಸೀಮೆ ಕೆಲ್ಸ?"

ಹದಿನಾರು ವರ್ಷ ಸೊಪ್ಪು ಹೊತ್ತೆ ಅತ್ತೆ. ಆಫೀಸಿಗೆ ಮುಂಚೆ, ಆಫೀಸಾದ್ಮೇಲೆ. ಹೊತ್ತೂ ಹೊತ್ತೂನೇ 116 ಆಗಿದ್ದು. ಹೇಳ್ಲಿಲ್ಲ, ನುಂಗ್ಕೊಂಡೆ. ಇದಕ್ಕೆ ಮಾತ್ರ ಹೊಟ್ಟೆಯಲ್ಲಿ ಯಾವಾಗ್ಲೂ ಜಾಗ ಇರುತ್ತೆ.

ಜುಲೈ 9, ಬುಧವಾರ

ಕೆರೆ ಆಚೆ ಕಡೆ ಎರ್ರಪ್ಪನೋರ ಮನೆ. ಇವತ್ತು ಕಟ್ಟೆ ಮೇಲಿಂದಾನೇ ಕಾಣ್ತು — ಬುಟ್ಟಿ ಬುಟ್ಟಿ ಹುಳು ತಂದು ಗುಂಡಿಗೆ ಸುರೀತಿದ್ರು. ಹಾಲುರೋಗವಂತೆ. ಹುಳು ಹಳದಿ ತಿರುಗಿ, ಊದಿ, ಮುಟ್ಟಿದ್ರೆ ಒಡೆದು ಹಾಲು. ಎರ್ರಪ್ಪನೋರ ಹೆಂಡತಿ ಆಂಜಿನಮ್ಮ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಪಾಪ ಅನ್ನಿಸ್ತು. ಆದ್ರೆ ಹತ್ರ ಹೋಗ್ಲಿಲ್ಲ. ಅರ್ಧ ಕಟ್ಟೆಯಿಂದ್ಲೇ ತಿರುಗಿದೆ. ಶೂ ಗೇಟಿನಾಚೆ ಬಿಟ್ಟೆ, ಕಾಲು ಅದ್ದಿದೆ, ಸ್ನಾನ ಮಾಡಿದ್ಮೇಲೇ ಮಾತು.

ಕಾಫಿ ಹೊತ್ತಲ್ಲಿ ಹೇಳಿದೆ — ಎರ್ರಪ್ಪನೋರ ಬೆಳೆ ಹೋಯ್ತು, ಸುರೀತಿದ್ರು ಅಂತ. ಮಾವ ನರಸಿಂಹಪ್ಪನೋರು ಲೋಟ ಕೆಳಗಿಟ್ರು. ಅತ್ತೆ "ದೇವುಡಾ" ಅಂದ್ರು. ಇವರು, ನನ್ನ ಗಂಡ, ಮಾತ್ರ ಎದ್ದು ಬೈಕ್ ಕೀ ತಗೊಂಡು ಹೊರಟ್ರು. ಗೊಬ್ಬರದ ಅಂಗಡಿಗಂತೆ.

ಸಂಜೆ ಬಂದ್ರೆ ಒಂದು ವಿಚಿತ್ರ. ಹಿತ್ತಲಲ್ಲಿ ಇವರ ಪಂಚೆ ಒಗೆದು ಹರವಿದೆ. ಅತ್ತೇನೇ ಒಗೆದಿದಾರಂತೆ, ಕೈಯಲ್ಲಿ. ವಾಷಿಂಗ್ ಮೆಷಿನ್ ಬಂದಾಗಿಂದ ಒಂದು ಕರ್ಚೀಫೂ ಒಗೆದೋರಲ್ಲ! ಏನೋ ಪುಣ್ಯ ಬಂದಿದೆ ನನ್ನ ಪಾಲಿಗೆ.

ಜುಲೈ 12, ಶನಿವಾರ

ಚಿಂತಾಮಣಿಯಲ್ಲಿ ಇವರ ಚಿಕ್ಕಮ್ಮನ ಮನೆ ಗೃಹಪ್ರವೇಶ. ಎಲೆ ಮುಂದೆ ಕೂರೋದು ಅಂದ್ರೆ ಈಗ ನಂಗೆ ಪರೀಕ್ಷೆ. ನಾಲ್ಕು ತುತ್ತಿಗೆ ನಿಂತ್ಹೋಗುತ್ತೆ. ಬಡಿಸೋರಿಗೆ ಅವಮಾನ.

ಚಿಕ್ಕಮ್ಮ ಬಂದು ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿದ್ರು. "ನಮ್ಮನೆ ಒಬ್ಬಟ್ಟು ಬಿಡ್ತೀಯೇನೇ? ಬಾಯಿ ಬಿಡು." ಎಲ್ಲರ ಮುಂದೆ ತುರುಕಿದ್ರು. ಇವರ ಕಡೆ ನೋಡಿದೆ — ಕಾಪಾಡ್ತಾರೆ ಅಂತ. "ಒಂದು ತಿಂದ್ರೆ ಏನಾಗುತ್ತೆ ತಿನ್ನು" ಅಂದ್ರು.

ಏನಾಗುತ್ತೆ ಅಂದ್ರೆ ಇದಾಗುತ್ತೆ: ಹಿಂದಿನ ಬಾತ್ರೂಮಲ್ಲಿ ತಲೆ ಸುತ್ತಿ, ಎದೆ ಹೊಡ್ಕೊಂಡು, ತಣ್ಣನೆ ಬೆವರು ಬಂದು, ಕೊನೆಗೆ ಎಲ್ಲಾ ವಾಂತಿ. ಹೊರಗೆ ಬಂದ್ರೆ ಒಬ್ಬಮ್ಮ ನಗ್ತಾ ಕೇಳ್ತಾರೆ, "ಈ ವಯಸ್ಸಲ್ಲಿ ವಿಶೇಷವಾ?"

ಬಸ್ಸಲ್ಲಿ ಬರೋವಾಗ ಇವರ ಜೊತೆ ಮಾತಾಡ್ಲಿಲ್ಲ. ಇವರಿಗೆ ಅದು ಗೊತ್ತೇ ಆಗ್ಲಿಲ್ಲ. ನಿದ್ದೆ ಹೊಡೀತಿದ್ರು.

ಜುಲೈ 17, ಗುರುವಾರ

ನಾಲ್ಕನೇ ಜ್ವರ ಎದ್ದು ಮೂರ್ನಾಲ್ಕು ದಿನ. ಹುಳು ಬಕಾಸುರನ ಹಾಗೆ ತಿನ್ನೋ ಹೊತ್ತು. ಇನ್ನೇನು ಹಣ್ಣಾಗ್ಬೇಕು, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಹತ್ತಿಸ್ಬೇಕು.

ಬೆಳಿಗ್ಗೆ ಮಾವ ಹುಳದ ಮನೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ್ಬಿಟ್ರು. ಅಂಗೈಲಿ ಒಂದು ಹುಳು. ಹಳದಿ. ಊದಿದೆ.

ಹಾಲುರೋಗ.

ಅತ್ತೆ ಸೀದಾ ಗೇಟ್ ಹತ್ರ ಹೋಗಿ ನನ್ನ ಶೂ ನೋಡ್ತಾ ನಿಂತ್ರು. ಆಮೇಲೆ ನನ್ನ ನೋಡಿದ್ರು. ಅರ್ಥ ಆಯ್ತು.

ಜುಲೈ 18, ಶುಕ್ರವಾರ

ಎಲ್ಲಾ ಸುರಿದ್ರು. ಇಡೀ ಬೆಳೆ. ಹಿಂದೆ ಗುಂಡಿ ತೋಡಿ, ಹುಳು, ಅದರ ಮೇಲೆ ಸುಣ್ಣ. ಮಾವ ಒಬ್ರೇ ಬುಟ್ಟಿ ಹೊತ್ತು ಹೊತ್ತು ಹಾಕಿದ್ರು. ನೋಡೋಕಾಗ್ಲಿಲ್ಲ. ನಾನೂ ಹೊತ್ತೆ. ಅಕ್ಕಪಕ್ಕದೋರು ಗೋಡೆ ಮೇಲಿಂದ ಇಣುಕ್ತಿದ್ರು. ಅತ್ತೆಗೆ ಅಷ್ಟು ಸಾಕಿತ್ತು.

"ಇವಳೇ ತಂದಿದ್ದು! ಎರ್ರಪ್ಪನ ಮನೆ ಮುಂದೆ ನಡ್ಕೊಂಡ್ ಬಂದವ್ಳೆ! ಇವಳ ಬಾಯಲ್ಲೇ ಹೇಳಿದ್ಳು, ಸುರೀತಿದ್ರು ಅಂತ! ಹೊಟ್ಟೆ ಕೊಯ್ಸ್ಕೊಂಡಿದ್ದು ಸಾಲ್ದು ಅಂತ ಮನೆ ಹೊಟ್ಟೆ ಮೇಲೂ ಹೊಡದ್ಳು!"

ಹೇಳಿದೆ ನಾನು. ಅರ್ಧ ಕಟ್ಟೆಯಿಂದ ತಿರುಗಿದೆ ಅತ್ತೆ, ಶೂ ಗೇಟ್ ದಾಟಿಲ್ಲ, ಸ್ನಾನ ಮಾಡಿದ್ಮೇಲೇ ಒಳಗೆ ಬಂದಿದ್ದು, ಹುಳದ ಮನೆಗೆ ಕಾಲೇ ಇಟ್ಟಿಲ್ಲ. ಕೇಳೋರು ಯಾರು? ಹೋಗಿ ಶೂ ತಂದ್ರು. ಎರಡನ್ನೂ ಗುಂಡಿಗೆ ಎಸೆದ್ರು. ಹುಳದ ಮೇಲೆ. ಮೇಲೆ ಒಂದು ಬುಟ್ಟಿ ಸುಣ್ಣ.

"ಮುಂದಿನ ಬೆಳೆ ಕೈಗೆ ಬರೋವರ್ಗೂ ನಡಿಯೋ ಹೆಸ್ರು ಎತ್ತಬೇಡ."

ಇವರು ಅಲ್ಲೇ ಇದ್ರು. ಸನಿಕೆ ಹಿಡ್ಕೊಂಡು ನಿಂತಿದ್ರು. ಹನ್ನೊಂದು ತಿಂಗಳಿಂದ ನನ್ನ ಕಾಲು ಹೊತ್ತ ಶೂ. ಅದರ ಮೇಲೆ ಮಣ್ಣು ಎಳೆದೋರು ಇವರೇ. ಒಂದು ಮಾತು ಬರ್ಲಿಲ್ಲ ಬಾಯಿಂದ. ಒಂದು.

ಆಗಸ್ಟ್ 2, ಶನಿವಾರ

ಬರೆಯೋಕೆ ಏನಿಲ್ಲ ಅಂತ ಬರೀಲಿಲ್ಲ. ನಡೆದಿಲ್ಲ. ಟೆರೇಸಲ್ಲಿ ಎಣ್ಣೆ ಕ್ಯಾನಿಗೆ ನೀರು ತುಂಬಿ ಎತ್ತುತ್ತಿದ್ದೆ, ಅದೂ ಬಿಟ್ಟೆ. ಯಾರ ಮೇಲೆ ಸಿಟ್ಟು? ಎಲ್ಲರ ಮೇಲೆ. ಕಷ್ಟ ಯಾರಿಗೆ? ನಂಗೆ.

ಅನ್ನ ನಾಲ್ಕು ತುತ್ತಿಗೆ ನಿಲ್ಲುತ್ತೆ. ಆದ್ರೆ ಖಾರಾಬೂಂದಿ ನಿಲ್ಲಲ್ಲ. ಒಂದೊಂದೇ ಚಿಟಿಕೆ, ಟೇಬಲ್ ಡ್ರಾಯರಿಂದ, ಇಡೀ ದಿನ. ಚಿಕ್ಕ ಹೊಟ್ಟೆಗೂ ಮೋಸ ಮಾಡೋ ದಾರಿ ಇದೆ, ಕಂಡುಹಿಡಿದೆ. ಶಭಾಷ್.

ತೂಕ 78.

ಡಯಟೀಶಿಯನ್ ಫೋನು. "ವಾಕಿಂಗ್ ಹೇಗ್ ನಡೀತಿದೆ ಮೇಡಂ?" ನಮ್ಮನೆ ಹುಳುಗೆ ಹುಷಾರಿರ್ಲಿಲ್ಲ, ಅದಕ್ಕೆ ನಡೆಯೋ ಹಾಗಿಲ್ಲ ಅಂದೆ. ಆ ಹುಡುಗಿ ಬೆಂಗಳೂರವಳು. "ಹುಳುಗಾ ಮೇಡಂ?" ಅಂತ ಮೂರು ಸಲ ಕೇಳಿದ್ಲು. ನಗು ಬಂತು, ಆಮೇಲೆ ಅಳು.

ಸಂಘಮಿತ್ರ ಹತ್ರ ಎಲ್ಲಾ ಹೇಳ್ಕೊಂಡೆ. ಆಫೀಸಲ್ಲಿ ಪಕ್ಕದ ಟೇಬಲ್ಲಿನವಳು, ಆಪರೇಷನ್ ದಿನ ಆಸ್ಪತ್ರೆಯಲ್ಲಿ ಕೂತಿದ್ದವಳು. ಸಮಾಧಾನ ಮಾಡ್ತಾಳೆ ಅಂದ್ಕೊಂಡ್ರೆ ಉಗಿದ್ಲು.

"ಆಫೀಸಿಗೆ ಹೋಗ್ಬೋದಾ ನೀನು?"

"ಹೂಂ."

"ಡೈರಿಗೆ, ಅಂಗಡಿಗೆ?"

"ಹೂಂ."

"ಅಂದ್ರೆ ಸಂಬಳ ತರೋ ಕಾಲಿಗೆ ರೋಗ ಅಂಟಲ್ಲ. ನಿನಗೋಸ್ಕರ ನಡೆಯೋ ಕಾಲಿಗೆ ಮಾತ್ರ ಅಂಟುತ್ತೆ. ಅಲ್ವೇನೇ? ಕೇಳ್ಬೇಕಿತ್ತು ಕಣೇ ಅವತ್ತೇ! ಬೂಂದಿ ಮುಕ್ತಾ ಕೂತಿದೀಯಲ್ಲ."

ಪೊಟ್ಟಣ ಕಿತ್ಕೊಂಡು ಡಸ್ಟ್‌ಬಿನ್ನಿಗೆ ಹಾಕಿದ್ಲು. ಅರ್ಧ ಇತ್ತು ಇನ್ನೂ. ಅವಳ ಮೇಲೂ ಸಿಟ್ಟು ಬಂತು.

ಆಗಸ್ಟ್ 7, ಗುರುವಾರ

ಮೊದಲು ನಡೆದಿದ್ದು ಬರೀತೀನಿ.

ನಾಳೆ ವರಮಹಾಲಕ್ಷ್ಮಿ. ಸಂಜೆ ಬಸ್ಸಲ್ಲಿ ಹೂವು, ಬಾಳೆಕಂದು, ಕಾಲಿಡೋಕೆ ಜಾಗ ಇಲ್ಲ. ಕರೆದು ಪಕ್ಕ ಕೂರಿಸ್ಕೊಂಡೋರು ಆಂಜಿನಮ್ಮ. ಎರ್ರಪ್ಪನೋರ ಹೆಂಡತಿ. ನನ್ನ ಕೈ ಹಿಡ್ಕೊಂಡ್ರು.

"ನಿಮ್ಮೆಜಮಾನ್ರು ದೇವ್ರಂಥೋರಮ್ಮ. ನಮ್ ಬೆಳೆ ಹೋದ ದಿನ ಒಬ್ರೂ ನಮ್ಮನೆ ಕಡೆ ತಲೆ ಹಾಕ್ಲಿಲ್ಲ. ರಮೇಶ್‌ಬಾಬು ಬಂದ್ರು ನೋಡು. ಬರಿಗೈಲಿ ಹುಳು ಬಾಚಿ, ಬುಟ್ಟಿ ಹೊತ್ತು, ಗುಂಡಿ ಮುಚ್ಚೋವರ್ಗೂ ಇದ್ರು. ಸ್ನಾನ ಮಾಡ್ಕೊಂಡು ಹೋಗಪ್ಪಾ ಅಂದೆ. ಸೊಪ್ಪು ಹಾಕೋ ಹೊತ್ತಾಯ್ತು ಅಂತ ಹಂಗೇ ಓಡೋದ್ರು. ನಿಮ್ ಬೆಳೇನೂ ಹೋಯ್ತಂತೆ, ಕೇಳಿ ಹೊಟ್ಟೆ ಉರೀತು ತಾಯಿ."

ಹಂಗೇ ಓಡೋದ್ರು. ಸೊಪ್ಪು ಹಾಕೋಕೆ. ಆ ಕೈಲಿ. ಆ ಪಂಚೇಲಿ.

ಗೊಬ್ಬರದ ಅಂಗಡಿಯಂತೆ!

ಏನೂ ಹೇಳ್ಲಿಲ್ಲ ಆಂಜಿನಮ್ಮನಿಗೆ. ಅವರದೇನು ತಪ್ಪು? ಇವರು ಸಹಾಯಕ್ಕೆ ಹೋಗಿದ್ದೂ ತಪ್ಪಲ್ಲ. ಕಷ್ಟದಲ್ಲಿರೋರ ಮನೆಗೆ ಹೋಗ್ಬೇಕು, ನಾನೇ ಹೋಗ್ಲಿಲ್ಲ ಅಂತ ನಂಗೇ ಒಳಗೆ ಚುಚ್ತಿತ್ತು. ಆದ್ರೆ ನನ್ನ ಶೂ ಮೇಲೆ ಮಣ್ಣು ಎಳೀತಾ ನಿಂತಿದ್ರಲ್ಲ...

ಆಗಸ್ಟ್ 10, ಭಾನುವಾರ

ಹಬ್ಬ ಮುಗೀಲಿ ಅಂತ ಕಾದೆ. ಇವತ್ತು ತೋಟದಲ್ಲಿ ಇಬ್ಬರೇ ಇದ್ದಾಗ ಕೇಳ್ದೆ.

"ರೀ, ಅವತ್ತು ಗೊಬ್ಬರ ಎಷ್ಟು ಮೂಟೆ ತಂದ್ರಿ?"

ಮುಖ ಬಿಳಿಚ್ಕೊಂಡ್ತು. ಬುದ್ಧಿವಂತರು, ಬೇಗ ಅರ್ಥ ಆಯ್ತು. ಸುಳ್ಳು ಹೇಳ್ಲಿಲ್ಲ, ಅಷ್ಟು ಪುಣ್ಯ.

"ಗೊತ್ತಾಗ್ಲಿಲ್ಲ ಕಣೇ. ಕೈ ತೊಳ್ಕೊಂಡಿದ್ದೆ. ಸಾಕು ಅಂದ್ಕೊಂಡೆ."

"ಅದಲ್ಲ ನಾನು ಕೇಳ್ತಿರೋದು. ನಿಮ್ಮಮ್ಮ ಊರೆಲ್ಲಾ ಕೇಳೋ ಹಾಗೆ ಬೈದಾಗ ಯಾಕ್ ಬಾಯಿ ಬಿಡ್ಲಿಲ್ಲ?"

ಹಿಪ್ಪುನೇರಳೆ ಕಡ್ಡಿ ಮುರೀತಾ ನಿಂತ್ರು.

"ಹೆಂಗೂ ನಿಂಗೆ ಬೈತಾನೇ ಇದ್ರಲ್ಲ ಯಾಮಿನಿ. ಇದೂ ಅದ್ರ ಜೊತೆ ಸೇರ್ಕೊಂಡ್ತು ಅಷ್ಟೆ. ನಂಗಾದ್ರೆ ಅಪ್ಪನ ಮುಂದೆ ತಲೆ ಎತ್ತೋಕಾಗ್ತಿರ್ಲಿಲ್ಲ. ಅಮ್ಮಂಗೆ ಗೊತ್ತಾದ್ರೆ ಎದೆ ಒಡ್ಕೊಂಡ್ ಸಾಯ್ತಾಳೆ. ಹೇಳ್ಬೇಡ, ನಿನ್ನ ದಮ್ಮಯ್ಯ."

ಅಷ್ಟೆ. ಇವರಿಗೆ ಅಷ್ಟೆ! ಬೈಗುಳ ತಿನ್ನೋದು ನಂಗೆ ಅಭ್ಯಾಸ ಇದೆ, ಇನ್ನೊಂದು ತುತ್ತು ಬಡಿಸಿದ್ರು. ಒಬ್ಬಟ್ಟು ತುರುಕಿದ ಹಾಗೆ.

ಟೆರೇಸಿಗೆ ಹೋದೆ. ಎಣ್ಣೆ ಕ್ಯಾನಿಗೆ ನೀರು ತುಂಬಿದೆ. ಎತ್ತಿದೆ. ಇಳಿಸಿದೆ. ಎತ್ತಿದೆ. ಸಿಟ್ಟಲ್ಲಿ ಭಾರಾನೇ ಗೊತ್ತಾಗ್ಲಿಲ್ಲ. ತೋಳು ನೋಯ್ತಿದೆ ಈಗ. ಚೆನ್ನಾಗಿ ನೋಯ್ತಿದೆ.

ಆಗಸ್ಟ್ 14, ಗುರುವಾರ

ಸಂಘಮಿತ್ರ ಜೊತೆ ಹೋಗಿ ಶೂ ತಂದೆ. ಹೊಸ ಡಬ್ಬಿ ಮಂಚದ ಕೆಳಗಿದೆ. ಅಂಗಡಿಯವನು "ಯಾರಿಗೆ ಮೇಡಂ, ಮಗಳಿಗಾ?" ಅಂದ. ನಂಗೆ, ನನ್ನ ಸ್ವಂತ ಕಾಲಿಗೆ ಕಣಪ್ಪಾ ಅಂದೆ. ಜೋರಾಗಿ ಅಂದೆ ಅನ್ಸುತ್ತೆ. ಹೆದರ್ಕೊಂಡ.

ಆಗಸ್ಟ್ 17, ಭಾನುವಾರ

ಹುಳದ ಮನೆಗೆಲ್ಲಾ ಬ್ಲೀಚಿಂಗ್, ಸುಣ್ಣ, ಹೊಗೆ ಎಲ್ಲಾ ಆಗಿ ಇವತ್ತು ಹೊಸ ಚಾಕಿ ಬಂತು. ಕಾಫಿ ಹೊತ್ತಿಗೆ ಎಲ್ಲಾ ಸೇರಿದ್ರು. ಅತ್ತೆ ನನ್ನ ನೋಡಿ ಬಾಯಿ ತೆರೆಯೋದ್ರೊಳಗೆ ನಾನೇ ಶುರು ಮಾಡಿದೆ. ಇವರಿಗೆ ಜೀವ ಬಾಯಿಗೆ ಬಂದಿತ್ತು. ಆ ವಿಷಯ ನಾನು ಎತ್ತಲಿಲ್ಲ.

"ಮಾವ, ಹೊರಗಿನ ಕಾಲು ರೋಗ ತರುತ್ತೆ ಅಲ್ವಾ?"

"ತರ್ತದಮ್ಮ."

"ಹಾಗಾದ್ರೆ ಈ ಬೆಳೆ ಮುಗಿಯೋವರ್ಗೂ, ಸೊಪ್ಪಿನ ತೋಟ ಬಿಟ್ರೆ, ಯಾರ ಕಾಲೂ ಗೇಟ್ ದಾಟೋದು ಬೇಡ. ನಾನು ಆಫೀಸಿಗೆ ಹೋಗಿ ಬಂದು ಹಿಂದಿನ ಬಾಗ್ಲಲ್ಲೇ ಸ್ನಾನ ಮಾಡ್ತೀನಿ. ಉಳಿದ ಸುತ್ತಾಟ ಬಂದ್. ನನ್ನ ವಾಕಿಂಗೂ ಬಂದ್, ಇವರ ಟೀ ಅಂಗಡಿನೂ ಬಂದ್. ಒಂದೇ ಕಾನೂನು."

ಅತ್ತೆ ಹಾರಿದ್ರು. "ಗಂಡಸ್ರನ್ನ ಕಟ್ಟಾಕ್ತೀಯೇನೇ?"

ಮಾವ ಬಾಯಿ ಒರೆಸ್ಕೊಂಡ್ರು. "ನ್ಯಾಯವಾಗೈತೆ" ಅಂದು ಎದ್ದು ಹೋದ್ರು. ಬೈಕ್ ಕೀ ಅವರ ಜೇಬಿಗೆ!

ಆಗಸ್ಟ್ 20, ಬುಧವಾರ

ರಮೇಶ್‌ಬಾಬು ಅನ್ನೋ ಮಹಾನುಭಾವರು ಮೂರು ದಿನಕ್ಕೆ ಸೋತ್ರು.

ಸೋಮವಾರ ಅಂಗಳದಲ್ಲಿ ಸುತ್ತಿದ್ರು. ನಿನ್ನೆ ಗೇಟಿಗೆ ಒರಗಿ ರಸ್ತೇಲಿ ಹೋಗೋರನ್ನೆಲ್ಲಾ ಕರೆದು ಕರೆದು ಮಾತಾಡಿಸಿದ್ರು. ಅಕ್ಕಯಮ್ಮ ಕೇಳಿದ್ರಂತೆ, "ಯಾಕಪ್ಪಾ, ಹುಷಾರಿಲ್ವಾ?" ಮೈಯೆಲ್ಲಾ ಜಡ್ಡು ಹಿಡೀತಿದೆ, ತಲೆ ಕೆಟ್ಹೋಗ್ತಿದೆ ಅಂತಾರೆ ಇವರು. ಅದೇ ರೀ. ಅದೇ ನಾನು ಹೇಳ್ತಿದ್ದಿದ್ದು. ನಿಮಗೆ ಮೂರು ದಿನಕ್ಕೆ ಹಾಗಾದ್ರೆ ನನ್ನ ಮೈಗೆ ಏನಾಗಿರ್ಬೇಡ? ಇವತ್ತು 79.

ಸಂಜೆ ರೂಮಿಗೆ ಬಂದು ಬಾಗಿಲು ಹಾಕಿದ್ರು.

"ಹೋಗು ತಾಯಿ, ನಡ್ಕೋ. ಕಾಲು ತೊಳ್ಕೊಂಡ್ ಬಂದ್ರೆ ಆಯ್ತು. ನಾನೂ ಒಂದು ಟೀ ಕುಡ್ಕೊಂಡ್ ಬರ್ತೀನಿ."

"ಹೋಗಲ್ಲ. ಮೊದಲು ನಿಮ್ಮಮ್ಮಂಗೆ ಹೇಳಿ. ಶೂ ಅಲ್ಲ, ನಾನು ಅಂತ."

"ಯಾಮಿನೀ..."

"ನಿಮ್ಮ ಬಾಯಲ್ಲಿ. ನಾಳೆ ಬೆಳಿಗ್ಗೆ. ಇಲ್ದಿದ್ರೆ ಆಂಜಿನಮ್ಮನ್ನ ಕರೆಸ್ತೀನಿ, ನಿಮ್ಮ ದೇವರಂಥ ಗುಣ ಹೊಗಳೋಕೆ."

ಹೂಂ ಅಂದ್ರು. ಒಂದು ಕಡೆ ಪಾಪ ಅನ್ನಿಸ್ತು. ಇನ್ನೊಂದು ಕಡೆ ಅತ್ತೆದೂ ಪಾಪ. ನಾಳೆ ಮಗನ ಬಾಯಲ್ಲಿ ಕೇಳಿ ಎಷ್ಟು ನೊಂದ್ಕೋತಾರೋ. ಬೈದಿದ್ದು ತಿಳೀದೆ ಅಲ್ವಾ? ಬೆಳೆ ಹೋದ ಸಂಕಟಕ್ಕೆ ಬೈದ್ರು. ಒಂದು "ತಪ್ಪಾಯ್ತು ಕಣಮ್ಮ" ಅಂದ್ರೆ ಸಾಕು, ಬಿಟ್ಬಿಡ್ತೀನಿ. ನಿಜವಾಗ್ಲೂ ಬಿಡ್ತೀನಿ.

ಆಗಸ್ಟ್ 21, ಗುರುವಾರ — ಬೆಳಿಗ್ಗೆ 6.05

ರೆಡಿ. ಹೊಸ ಶೂ ಕಾಲಲ್ಲಿದೆ, ಎಡಗಡೇದು ಸ್ವಲ್ಪ ಕಚ್ತಿದೆ. ಲೇಸ್ ಕಟ್ಟಿಲ್ಲ ಇನ್ನೂ. ಕಿಟಕಿ ಪಕ್ಕ ಕೂತು ಬರೀತಿದೀನಿ. ಜಗಲಿ ಮೇಲೆ ಅತ್ತೆ ಸೊಪ್ಪು ಬಿಡಿಸ್ತಿದಾರೆ. ಇವರು ಎದುರಿಗೆ. ಕೆಮ್ಮಿದ್ರು. ಮತ್ತೆ ಕೆಮ್ಮಿದ್ರು. ಹೇಳಪ್ಪಾ, ಹೇಳು.

ಶುರು ಮಾಡಿದ್ರು.

"ಅಮ್ಮಾ... ಹೋದ ಬೆಳೆ ಹೋಯ್ತಲ್ಲ... ಅದು ಯಾಮಿನಿ ಶೂ ಅಲ್ಲಮ್ಮ. ನಾನೇ ಅವತ್ತು ಎರ್ರಪ್ಪಣ್ಣನ ಮನೆಗೆ ಹೋಗಿ, ಹಂಗೇ ಬಂದು..."

ಅತ್ತೆ ಕೈ ನಿಲ್ಲಿಸ್ಲಿಲ್ಲ. ಇಲ್ಲಿಂದ ಕಾಣುತ್ತೆ. ಎಲೆ ಬಿಡಿಸ್ತಾನೇ ಇದಾರೆ.

"ಗೊತ್ತು ಬಿಡಪ್ಪ."

"ಏನ್ ಗೊತ್ತು?"

"ನಿನ್ ಪಂಚೆ ಒಗೆದೋಳು ಯಾರು? ಮೂವತ್ತು ವರ್ಷದಿಂದ ಹುಳು ಸಾಕ್ತಿದೀನಿ, ಹಾಲುಹುಳದ ಕಲೆ ಗೊತ್ತಾಗಲ್ವಾ ನಂಗೆ? ಅವತ್ತೇ ಗೊತ್ತಾಯ್ತು."

"ಮತ್ತೆ ಅವಳ ಶೂ ಯಾಕೆ..."

"ಇನ್ನೇನು, ನಿಮ್ಮಪ್ಪನ ಮುಂದೆ, ಊರೋರ ಮುಂದೆ ನಿನ್ ಹೆಸ್ರು ಎತ್ತಬೇಕಿತ್ತಾ? ಮೆಲ್ಲಗೆ ಮಾತಾಡು. ಒಳಗವ್ಳೆ."

ಒಳಗಿದೀನಿ ಅತ್ತೆ.

ಅವತ್ತೇ ಗೊತ್ತಿತ್ತಂತೆ. ಶೂ ಎತ್ತಿ ಎಸೆಯೋವಾಗ ಗೊತ್ತಿತ್ತು. ಸುಣ್ಣ ಸುರಿಯೋವಾಗ ಗೊತ್ತಿತ್ತು. ಇಡೀ ತಿಂಗಳು ನಾನು ಊದ್ಕೊಳ್ಳೋದು ನೋಡ್ತಾ ನೋಡ್ತಾ...

ಮಾವ ಹುಳದ ಮನೆಯಿಂದ ಬರ್ತಿದಾರೆ. ಗೋಡೆ ಆಚೆ ಅಕ್ಕಯಮ್ಮನೂ ಇದಾರೆ, ಹಾಲಿನ ಕ್ಯಾನ್ ಸದ್ದು. ಒಳ್ಳೇದೇ ಆಯ್ತು. ಲೇಸ್ ಕಟ್ಟಿದೆ. ಗಟ್ಟಿಯಾಗಿ ಕಟ್ಟಿದೆ. ಈಗ ಹೋಗಿ ಆ ಜಗಲಿ ಮುಂದೆ ನಿಂತು, ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ: ರೋಗ ತಂದಿದ್ದು ನನ್ನ ಶೂ ಅಲ್ಲ, ನಿಮ್ಮ ಮಗನ ಪಂಚೆ.